ಪ್ಲೆಬ್ಸ್ಟ್ ಸಾಹೇಬನ ಎರಡು ಅಚ್ಚುಗಳು

(ಅಂತಿಮ ಬಿ. ಎ. ವಿದ್ಯಾರ್ಥಿ)

ನಾನು ಇಂಗ್ಲಿಷಿನ ಅಕ್ಷರಗಳನ್ನು ಮೊದಲು ಕೂಡಿಸಿ ಓದಿದುದು ಪುಸ್ತಕದಲ್ಲಲ್ಲ, ನಮ್ಮ ಮನೆಯ ಮಾಡಿನಲ್ಲಿ. ವೇಣೂರಿನ ಆಚೆಗಿರುವ ನಮ್ಮ ಮನೆಯ ಚಾವಡಿಯಲ್ಲಿ ಚಾಪೆ ಹಾಸಿ ಅಂಗಾತ ಮಲಗಿದರೆ, ಹಂಚುಗಳ ಒಳಮೈಯಲ್ಲಿ ಉಬ್ಬಿ ನಿಂತ ಅಕ್ಷರಗಳು ಸಾಲುಸಾಲಾಗಿ ಕಾಣುತ್ತಿದ್ದವು. ಬಾಸೆಲ್ ಮಿಶನ್ ಹಂಚಿನ ಕಾರ್ಖಾನೆಯ ಹೆಸರು, ಮಂಗಳೂರೆಂಬ ಊರಿನ ಹೆಸರು, ಅದರ ಜೊತೆಗೆ 1865 ಎಂಬ ಒಂದು ಇಸವಿ. ನಮ್ಮ ಮನೆ 1865ರಲ್ಲಿ ಕಟ್ಟಿದುದೆಂದು ನಾನು ಬಹಳ ದಿನ ನಂಬಿದ್ದೆ. ನಾಲ್ಕನೆಯ ತರಗತಿಯಲ್ಲಿದ್ದಾಗ ಅದನ್ನು ಹೆಮ್ಮೆಯಿಂದ ಹೇಳಿ ಎಲ್ಲರಿಂದ ನಗಿಸಿಕೊಂಡೆ. ಮನೆಗೆ ಬಂದು ಅಜ್ಜನನ್ನು ಕೇಳಿದಾಗ ಅವರೂ ನಕ್ಕರು. ಆದರೆ ಅವರ ನಗು ಬೇರೆ ತರಹದ್ದು.

ಅಜ್ಜ ಗೇಣಿ ಒಕ್ಕಲಾಗಿದ್ದವರು. ನೆಲ ತನ್ನದಲ್ಲದವನು ಮನೆಗೆ ಹಂಚು ಹೊದೆಸುವುದೆಂದರೆ ಬೇರೆಯವರ ಎತ್ತಿಗೆ ಬೆಳ್ಳಿಯ ಗಗ್ಗರ ಕಟ್ಟಿದ ಹಾಗೆ. ಆದುದರಿಂದ ಮಣ್ಣಿನ ಗೋಡೆ, ಬಿದಿರಿನ ಅಡ್ಡ, ಮೇಲೆ ಮುಳಿಹುಲ್ಲು. ಪ್ರತಿ ವರ್ಷ ಬೇಸಗೆಯಲ್ಲಿ ಗುಡ್ಡದಿಂದ ಹುಲ್ಲು ಕೊಯ್ದು ತಂದು ಹಳೆಯದನ್ನು ಕಿತ್ತು ಹೊಸದನ್ನು ಹೊದೆಸಬೇಕು. ಒಂದು ವರ್ಷ, ಹುಲ್ಲು ಹೊದೆಸಿ ಹದಿನೈದು ದಿನವೂ ಆಗಿರಲಿಲ್ಲವಂತೆ, ಒಲೆಯ ಕಿಡಿ ಹಾರಿ ಮನೆಯೆಲ್ಲ ಉರಿದುಹೋಯಿತು. ಉಳಿದುದು ಒಂದು ಕಡೆಗೋಲು, ಎರಡು ತಾಮ್ರದ ಪಾತ್ರೆ, ಮತ್ತು ಅಂಗಳದಲ್ಲಿ ನಿಂತಿದ್ದ ಮಕ್ಕಳು. ಆ ಮಕ್ಕಳಲ್ಲಿ ಒಬ್ಬರು ನನ್ನ ತಂದೆ.

1974 ನಮ್ಮ ಮನೆಯಲ್ಲಿ ಮರೆಯದ ವರ್ಷ. ಆ ವರ್ಷ ಭೂಸುಧಾರಣೆಯ ತಿದ್ದುಪಡಿ ಕಾಯಿದೆ ಜಾರಿಗೆ ಬಂದಿತು. ಅದೇ ಮಳೆಗಾಲದಲ್ಲಿ ನೇತ್ರಾವತಿ ಉಕ್ಕಿ ಬಂಟ್ವಾಳದ ಪೇಟೆಯನ್ನು ನುಂಗಿತು. ಮಣ್ಣಿನ ಗೋಡೆಗಳು ನೀರಿನಲ್ಲಿ ಕರಗಿ ಕುಸಿದವು, ಹಂಚುಗಳು ಕರಗಲಿಲ್ಲ. ಹಾಗೆ ಬಿದ್ದ ಒಂದು ಹಳೆಯ ಮನೆಯ ಹಂಚನ್ನು ಅಜ್ಜ ಕಡಿಮೆ ಕ್ರಯಕ್ಕೆ ಕೊಂಡು, ರಸ್ತೆಯ ತನಕ ಲಾರಿಯಲ್ಲಿಯೂ ಅಲ್ಲಿಂದ ಮುಂದೆ ತಲೆಹೊರೆಯಲ್ಲಿಯೂ ತಂದು, ತನ್ನದಾದ ನೆಲದ ಮೇಲೆ ಮೊದಲ ಹಂಚಿನ ಮಾಡನ್ನು ಎಬ್ಬಿಸಿದರು. 1865 ನಮ್ಮ ಮನೆಯ ಇಸವಿಯಲ್ಲ, ಕಾರ್ಖಾನೆಯ ಇಸವಿ ಎಂದು ನನಗೆ ತಿಳಿದುದು ಹೀಗೆ. ಆ ಕಾರ್ಖಾನೆಯನ್ನು ಕಟ್ಟಿದವನ ಹೆಸರು ಜಾರ್ಜ್ ಪ್ಲೆಬ್ಸ್ಟ್. ಜರ್ಮನ್ ದೇಶದವನು. ಆತನ ಚರಿತ್ರೆಯನ್ನು ನಮ್ಮ ವಾರ್ಷಿಕ ಸಂಚಿಕೆಯ ವಾಚಕರ ಮುಂದೆ ಇಡಬೇಕೆಂಬ ಆಸೆ ನನಗೆ ಹುಟ್ಟಿದುದು ಮಾತ್ರ ತರಗತಿಯಲ್ಲಿ, ಇಂಗ್ಲೆಂಡಿನ ಇತಿಹಾಸದ ಪಾಠ ನಡೆಯುತ್ತಿದ್ದಾಗ.

1714ರಿಂದ 1830ರ ವರೆಗೆ ಇಂಗ್ಲೆಂಡನ್ನು ಒಬ್ಬರ ಹಿಂದೊಬ್ಬರಾಗಿ ಜಾರ್ಜ್ ಎಂಬ ಹೆಸರಿನ ನಾಲ್ವರು ಅರಸರು ಆಳಿದರು. ಮೊದಲನೆಯವನು ಜರ್ಮನಿಯ ಹ್ಯಾನೋವರಿನಿಂದ ಬಂದವನು. ತನ್ನ ಪ್ರಜೆಗಳ ಭಾಷೆ ಅವನಿಗೆ ಸರಿಯಾಗಿ ಬರುತ್ತಿರಲಿಲ್ಲ. ಅವರ ಕಾಲದಲ್ಲಿ ಲಂಡನ್, ಬಾತ್ ಮುಂತಾದ ನಗರಗಳಲ್ಲಿ ಎದ್ದ ಮನೆಗಳಿಗೆ ಇಂದಿಗೂ ಜಾರ್ಜಿಯನ್ ಮನೆಗಳೆಂದೇ ಹೆಸರು. ಅಧ್ಯಾಪಕರು ತೋರಿಸಿದ ಚಿತ್ರದಲ್ಲಿ ಒಂದೇ ಎತ್ತರದ, ಒಂದೇ ಅಗಲದ ಮನೆಗಳು ಭುಜಕ್ಕೆ ಭುಜ ತಾಗಿಸಿ ಬೀದಿಯುದ್ದಕ್ಕೂ ನಿಂತಿದ್ದವು. ಇಬ್ಬರು ನೆರೆಯವರಿಗೆ ನಡುವೆ ಒಂದೇ ಗೋಡೆ. ಅಗಲ ಕಡಿಮೆ, ಕೋಣೆಯ ಮೇಲೆ ಕೋಣೆಯೇರಿ ಮನೆ ಎತ್ತರಕ್ಕೆ ಬೆಳೆಯುತ್ತದೆ. ಅಡಿಗೆಮನೆ ನೆಲದ ಕೆಳಗೆ, ಆಳುಗಳು ಎಲ್ಲಕ್ಕಿಂತ ಮೇಲಿನ ಮಾಳಿಗೆಯಲ್ಲಿ. ಬಾತ್ ನಗರದಲ್ಲಿ 1767ರಿಂದ 1774ರ ವರೆಗೆ ಕಟ್ಟಿದ ಅರ್ಧಚಂದ್ರಾಕಾರದ ಒಂದು ಸಾಲಿನಲ್ಲಿ ಮೂವತ್ತು ಮನೆಗಳಿವೆ. ದೂರದಿಂದ ನೋಡಿದರೆ ಒಂದೇ ಅರಮನೆಯಂತೆ ಕಾಣುತ್ತದೆ.

ಈ ಅಂದಚಂದದ ಹಿಂದೆ ಇದ್ದುದು ಬೆಂಕಿಯ ಭಯ ಎಂದು ತಿಳಿದಾಗ ನನ್ನ ಕಿವಿ ನೆಟ್ಟಗಾಯಿತು. 1666ರಲ್ಲಿ ಲಂಡನ್ ಸುಟ್ಟುಹೋಯಿತು. ಮರುವರ್ಷವೇ ಬಂದ ಕಾಯಿದೆಯು ಹೊರಗೋಡೆಗಳೆಲ್ಲ ಇಟ್ಟಿಗೆ ಅಥವಾ ಕಲ್ಲಿನವೇ ಆಗಬೇಕೆಂದು ವಿಧಿಸಿತು. 1707ರ ಕಾಯಿದೆ ಸೂರಿನ ಮರದ ಅಲಂಕಾರವನ್ನು ನಿಲ್ಲಿಸಿತು. 1709ರದು ಕಿಟಕಿಯ ಚೌಕಟ್ಟನ್ನು ಗೋಡೆಯ ಮುಖದಿಂದ ನಾಲ್ಕು ಅಂಗುಲ ಒಳಕ್ಕೆ ತಳ್ಳಿತು. 1774ರದು ಮನೆಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿ ಒಂದೊಂದು ದರ್ಜೆಯ ಗೋಡೆ ಎಷ್ಟು ದಪ್ಪವಿರಬೇಕೆಂದು ಗೊತ್ತುಪಡಿಸಿತು. ಉರಿಯುವ ವಸ್ತು ಕಡಿಮೆಯಾದಷ್ಟೂ ಮುಖ ಸಪಾಟಾಯಿತು. ಆ ಸಪಾಟುತನಕ್ಕೇ ಜನ ಸೌಂದರ್ಯವೆಂದು ಹೆಸರಿಟ್ಟರು. ನಮ್ಮಜ್ಜನ ಸುಟ್ಟ ಮನೆಗೂ ಲಂಡನ್ನಿಗೂ ಒಂದು ನಂಟು ಇದೆಯಲ್ಲ ಎಂದುಕೊಂಡೆ. ಇನ್ನೊಂದು ಯೋಚನೆಯೂ ಬಂತು. ಒಂದು ಇಟ್ಟಿಗೆಯನ್ನೂ ಕೈಯಿಂದ ಮುಟ್ಟದ ನಾಲ್ವರು ಜಾರ್ಜರ ಹೆಸರು ಮನೆಗಳ ಮೇಲೆ ಉಳಿಯಿತು. ನಮ್ಮ ಜಿಲ್ಲೆಯ ಮನೆಗಳ ರೂಪವನ್ನೇ ಬದಲಿಸಿದ ಇನ್ನೊಬ್ಬ ಜರ್ಮನ್ ಜಾರ್ಜನ ಹೆಸರು ಯಾವ ಮನೆಯ ಮೇಲೂ ಇಲ್ಲ.

ದೊಡ್ಡವರ ಚರಿತ್ರೆಯನ್ನು ಹುಟ್ಟಿದ ತೇದಿಯಿಂದ ತೊಡಗುವುದು ವಾಡಿಕೆ. ನಾನು ಅದನ್ನು ಬಿಡುತ್ತೇನೆ. ನಮ್ಮ ನಾಡಿನ ಪಾಲಿಗೆ ಪ್ಲೆಬ್ಸ್ಟನು ಹುಟ್ಟಿದುದು 1851ರಲ್ಲಿ, ಮಂಗಳೂರಿಗೆ ಕಾಲಿಟ್ಟಾಗ. ಅದೇ ವರ್ಷ ಇಂಗ್ಲೆಂಡಿನಲ್ಲಿ, 1696ರಿಂದ ನಡೆದು ಬಂದಿದ್ದ ಕಿಟಕಿಯ ತೆರಿಗೆಯನ್ನು ತೆಗೆದುಹಾಕಿದರು. ಗಾಳಿಬೆಳಕಿಗೂ ಸುಂಕ ಕೊಟ್ಟು ಬಾಳಿದ ಜನ ಅವರು!

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮಿಶನ್ ಸಂಸ್ಥೆ ಮಂಗಳೂರಿಗೆ ಬಂದುದು 1834ರಲ್ಲಿ. ಅವರ ಉದ್ದೇಶ ಧರ್ಮಪ್ರಸಾರ, ಅದರಲ್ಲಿ ಮುಚ್ಚುಮರೆಯಿರಲಿಲ್ಲ. ಅದಕ್ಕೆ ಪುಸ್ತಕ ಬೇಕು, ಪುಸ್ತಕಕ್ಕೆ ಮುದ್ರಣ ಬೇಕು. 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ಏರ್ಪಟ್ಟಿತು. ಕನ್ನಡದ ಮೊದಲ ವೃತ್ತಪತ್ರಿಕೆಯೆಂದು ನಾವೆಲ್ಲ ಓದಿರುವ ‘ಮಂಗಳೂರ ಸಮಾಚಾರ’ವನ್ನು ಹೆರ್ಮನ್ ಮೋಗ್ಲಿಂಗನು 1843ರ ಜುಲೈ 1ರಂದು ಹೊರಡಿಸಿದುದು ಈ ಕಲ್ಲಚ್ಚಿನಲ್ಲಿಯೇ. ಕಲ್ಲಚ್ಚಿನ ಕೆಲಸಕ್ಕೆ ಒಳ್ಳೆಯ ಲಿಪಿಕಾರ ಸಿಕ್ಕಿದರೆ ಪುಟ ಮುತ್ತಿನಂತೆ. ಇಲ್ಲವಾದರೆ ಓದುಗನ ಕಣ್ಣಿಗೆ ಶಿಕ್ಷೆ. ಪ್ರತಿ ಪುಟವನ್ನೂ ಕೈಯಿಂದ ಬರೆದೇ ಆಗಬೇಕು. ಪ್ಲೆಬ್ಸ್ಟನು ಬಂದುದು ಈ ಕೊರತೆಯನ್ನು ನೀಗಿಸುವುದಕ್ಕೆ. ಆತನು ಬೋಧಕರ ನಡುವೆ ಇದ್ದ ಯಂತ್ರಜ್ಞ. ಆತನೊಂದಿಗೆ ಮಂಗಳೂರಿಗೆ ಮೊಳೆಯಚ್ಚು ಬಂದಿತು.

ಕನ್ನಡಕ್ಕೆ ಮೊಳೆ ಮಾಡುವ ಕಷ್ಟ ಎಂಥದೆಂಬುದನ್ನು ಊಹಿಸಬೇಕು. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರ, ದೊಡ್ಡದು ಚಿಕ್ಕದು ಸೇರಿ ಐವತ್ತೆರಡು. ನಮ್ಮಲ್ಲಿ ತಲೆಕಟ್ಟು, ಇಳಿ, ಗುಡಿಸು, ಕೊಂಬು, ಐತ್ವ, ಕೆಳಗೆ ಜೋತುಬೀಳುವ ಒತ್ತಕ್ಷರ. ಕೂಡಿಸಿದರೆ ನೂರಾರು ಮೊಳೆಗಳಾಗುತ್ತವೆ. ಒತ್ತು ಕೆಳಗಿಳಿದಂತೆಲ್ಲ ಸಾಲುಗಳ ನಡುವಿನ ಜಾಗ ಹೆಚ್ಚಿ ಪುಸ್ತಕ ದಪ್ಪವಾಗುತ್ತದೆ, ಕ್ರಯ ಏರುತ್ತದೆ. ಈ ಮೊಳೆಗಳನ್ನು ಚಿಕ್ಕದಾಗಿಯೂ ಅಚ್ಚುಕಟ್ಟಾಗಿಯೂ ಸುಧಾರಿಸುವ ಕೆಲಸಕ್ಕೆ ಪ್ಲೆಬ್ಸ್ಟನು ಕೈಹಾಕಿದನು. ಮೊಳೆಯಲ್ಲಿ ಅಕ್ಷರವನ್ನು ತಿರುವುಮುರುವಾಗಿ ಕೊರೆಯಬೇಕು. ಆಗ ಮಾತ್ರ ಕಾಗದದ ಮೇಲೆ ನೆಟ್ಟಗೆ ಮೂಡುತ್ತದೆ. ಪರಭಾಷೆಯವನೊಬ್ಬನು ನಮ್ಮ ಅಕ್ಷರಗಳನ್ನು ತಿರುವುಮುರುವಾಗಿ ದಿನವೆಲ್ಲ ದಿಟ್ಟಿಸುತ್ತ ಕುಳಿತ ಚಿತ್ರವನ್ನು ನಾನು ಆಗಾಗ ಕಲ್ಪಿಸಿಕೊಳ್ಳುತ್ತೇನೆ. ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಹೊರಬಂದುದು ಇದೇ ಮಿಶನ್ ಮುದ್ರಣಾಲಯದಿಂದ. ನಮ್ಮ ಗ್ರಂಥಾಲಯದಲ್ಲಿ ಅದರ ಪ್ರತಿಯನ್ನು ಬಿಡಿಸಿದಾಗ ಹಾಳೆಗಿಂತ ಮೊದಲು ನಾನು ಮೊಳೆಗಳನ್ನೇ ನೋಡಿದೆ.

ಮುದ್ರಣದವನು ಹಂಚಿಗೆ ಏಕೆ ಹೋದನು? ಇದಕ್ಕೆ ಉತ್ತರ ಆಗಿನ ಸಮಾಜದಲ್ಲಿದೆ. ಮಿಶನ್ನಿಗೆ ಸೇರಿದವನನ್ನು ಜಾತಿಯವರು ಹೊರಗಿಡುತ್ತಿದ್ದರು. ಕುಟುಂಬದ ಆಸ್ತಿ ತಪ್ಪುತ್ತಿತ್ತು, ಕುಲಕಸುಬು ನಡೆಯುತ್ತಿರಲಿಲ್ಲ, ಒಡೆಯನು ಗೇಣಿಯಿಂದ ಎಬ್ಬಿಸುತ್ತಿದ್ದನು. ಅಂಥವರಿಗೆ ಅನ್ನದ ದಾರಿ ಆಗಬೇಕಿತ್ತು. 1851ರಲ್ಲಿಯೇ ಬಂದ ಹಾಲರ್ ಎಂಬವನು ನೇಯ್ಗೆಯನ್ನು ಬೆಳೆಸಿದನು. ಖಾಕಿ ಬಣ್ಣದ ಕತೆ ಅಲ್ಲಿಂದ ಹೊರಡುತ್ತದೆ, ಅದು ಬೇರೆ ಲೇಖನದ ವಸ್ತು. ಪ್ಲೆಬ್ಸ್ಟನ ಕಣ್ಣು ಬಿದ್ದುದು ಮಣ್ಣಿನ ಮೇಲೆ.

ನೇತ್ರಾವತಿ ಹುಟ್ಟುವುದು ನಮ್ಮ ಬೆಳ್ತಂಗಡಿಯ ಮೇಲಿನ ಘಟ್ಟಗಳಲ್ಲಿ. ಧರ್ಮಸ್ಥಳವನ್ನು ಹಾದು, ಬಂಟ್ವಾಳದ ಮಗ್ಗುಲನ್ನು ತೊಳೆದು, ಮಂಗಳೂರಿನ ಬಳಿ ಕಡಲಿಗೆ ಸೇರುತ್ತದೆ. ಪ್ರತಿ ಮಳೆಗಾಲವೂ ಘಟ್ಟದ ನಯವಾದ ಮಣ್ಣನ್ನು ಹೊತ್ತುತಂದು ತಗ್ಗಿನ ದಡಗಳಲ್ಲಿ ಬಿಟ್ಟುಹೋಗುತ್ತದೆ. ಗುರುಪುರದ ಹೊಳೆಯೂ ಹಾಗೆಯೇ. ಈ ಜೇಡಿಯಿಂದ ಕುಂಬಾರರು ಮಡಕೆಯನ್ನೂ ನಾಡಹಂಚನ್ನೂ ಮಾಡುತ್ತಿದ್ದರು. ಪ್ಲೆಬ್ಸ್ಟನು ಅದನ್ನೇ ತೆಗೆದುಕೊಂಡು ಪ್ರಯೋಗಕ್ಕೆ ತೊಡಗಿದನು. ಯಾವ ಮಣ್ಣಿಗೆ ಎಷ್ಟು ಮರಳು, ಎಷ್ಟು ಬೆಂಕಿ, ಎಷ್ಟು ದಿನದ ನೆರಳು? ಬಿಸಿಲಿಗೆ ಹಾಕಿದರೆ ಬಿರಿಯುತ್ತದೆ, ಬೆಂಕಿ ಹೆಚ್ಚಾದರೆ ಸೊಟ್ಟಾಗುತ್ತದೆ, ಕಡಿಮೆಯಾದರೆ ನೀರು ಕುಡಿಯುತ್ತದೆ. ಈ ಪ್ರಯೋಗಗಳ ಫಲವಾಗಿ 1865ರಲ್ಲಿ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ, ಹಂಚಿನ ಕಾರ್ಖಾನೆ ಆರಂಭವಾಯಿತು.

ಅದರ ಮಾದರಿ ಪ್ಲೆಬ್ಸ್ಟನ ತಲೆಯಲ್ಲಿ ಹುಟ್ಟಿದುದಲ್ಲ. ಬಾಸೆಲಿಗೆ ಹತ್ತಿರದ ಆಲ್ಟ್‌ಕಿರ್ಶ್ ಎಂಬ ಊರಿನಲ್ಲಿ ಗಿಲಾರ್ಡೋನಿ ಸೋದರರು 1841ರಲ್ಲಿ ಒಂದಕ್ಕೊಂದು ಕೊಂಡಿ ಹಾಕಿ ಕುಳಿತುಕೊಳ್ಳುವ ಹಂಚಿಗೆ ಪೇಟೆಂಟ್ ಪಡೆದಿದ್ದರು. ನಮ್ಮ ಹಂಚು ಅದರ ಸಂತತಿ. ಆದರೆ ಆ ಬೀಜವನ್ನು ಈ ಮಣ್ಣಿಗೆ ಒಗ್ಗಿಸಿ, ಆ ಮಾಡನ್ನು ಈ ಮಳೆಯ ಕೆಳಗೆ ನಿಲ್ಲಿಸಿದ ಕೀರ್ತಿ ಪ್ಲೆಬ್ಸ್ಟನದೇ.

ಹಂಚಿನ ಒಂದು ಅಂಚಿನಲ್ಲಿ ಉಬ್ಬು ದಿಂಡು, ಇನ್ನೊಂದರಲ್ಲಿ ತೋಡು. ಒಂದರ ದಿಂಡು ಪಕ್ಕದ್ದರ ತೋಡಿನಲ್ಲಿ ಕುಳಿತುಕೊಳ್ಳುತ್ತದೆ. ಸಂದಿಗೆ ಇಳಿದ ನೀರು ತೋಡಿನಲ್ಲಿಯೇ ಓಡಿ ಕೆಳಗಿನ ಹಂಚಿಗೆ ಬೀಳುತ್ತದೆ. ಒಳಮೈಯ ಹಲ್ಲು ರೀಪನ್ನು ಹಿಡಿದುಕೊಳ್ಳುತ್ತದೆ. ಮೊಳೆ ಬೇಡ, ಗಾರೆ ಬೇಡ. ಒಂದು ಹಂಚಿನ ತೂಕ ಎರಡು ಮೂರು ಕಿಲೋ. ನೂರು ಚದರ ಅಡಿಗೆ ಸುಮಾರು ನೂರೈವತ್ತು ಹಂಚು ಸಾಕು. ಅರ್ಧಚಂದ್ರಾಕಾರದ ನಾಡಹಂಚನ್ನಾದರೋ ಪದರ ಪದರವಾಗಿ ಹೊದೆಸಬೇಕು. ಕೋತಿ ಹಾರಿದರೆ, ಗಾಳಿ ಬೀಸಿದರೆ ಜಾರುತ್ತದೆ. ವರ್ಷ ವರ್ಷ ಕೈಯಾಡಿಸಬೇಕು. ಹೊಸ ಹಂಚಿನ ಮಾಡು ಹಗುರವಾದುದರಿಂದ ಪಕ್ಕಾಸಿನ ಮರವೂ ಕಡಿಮೆ ಸಾಕು. ಮುರಿದದ್ದೊಂದನ್ನು ತೆಗೆದು ಇನ್ನೊಂದನ್ನು ಇಡಲು ಹತ್ತು ವರ್ಷದ ಹುಡುಗನಿಗೂ ಬರುತ್ತದೆ, ನಾನೇ ಇಟ್ಟಿದ್ದೇನೆ.

ಇಲ್ಲಿ ನನಗೆ ಅತ್ಯಂತ ಸೊಗಸಾಗಿ ತೋರುವುದು ಕನ್ನಡದ ಒಂದು ಪದ. ಪುಸ್ತಕಕ್ಕೂ ಅಚ್ಚು, ಹಂಚಿಗೂ ಅಚ್ಚು, ಬೆಲ್ಲಕ್ಕೂ ಅಚ್ಚು. ಕಲಸಿದ ಮಣ್ಣಿನ ಬಿಲ್ಲೆಯನ್ನು ಕಬ್ಬಿಣದ ಅಚ್ಚಿನಲ್ಲಿಟ್ಟು ಒತ್ತುಯಂತ್ರದ ತಿರುಪನ್ನು ಇಳಿಸಿದಾಗ, ಕಾರ್ಖಾನೆಯ ಹೆಸರೂ ಹಂಚಿನ ಮೈಯಲ್ಲಿ ಮೂಡುತ್ತದೆ. ಅಚ್ಚಿನಲ್ಲಿ ತಿರುವುಮುರುವು, ಹಂಚಿನಲ್ಲಿ ನೆಟ್ಟಗೆ. ಮುದ್ರಣದ ಮನೆಯಿಂದ ಬಂದವನಿಗೆ ಇದು ಹೊಸ ವಿದ್ಯೆಯಾಗಿರಲಿಲ್ಲ. ನಾನು ಚಾಪೆಯ ಮೇಲೆ ಮಲಗಿ ಓದಿದುದು ಒಂದರ್ಥದಲ್ಲಿ ಆತನ ಪುಸ್ತಕವನ್ನೇ.

ಆಮೇಲಿನದು ವೇಗದ ಕತೆ. 1868ರಲ್ಲಿ ಆಲ್ಬುಕರ್ಕ್ ಕಾರ್ಖಾನೆ ಬಂದಿತು. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಮಂಗಳೂರಿನ ಸುತ್ತ ಇಪ್ಪತ್ತಕ್ಕೂ ಹೆಚ್ಚು ಹಂಚಿನ ಕಾರ್ಖಾನೆಗಳಿದ್ದವು. ಮಿಶನ್ನೇ ಕಲ್ಲಿಕೋಟೆ, ಮಲ್ಪೆ ಮುಂತಾದ ಕಡೆಗಳಲ್ಲಿ ಬೇರೆ ಕಾರ್ಖಾನೆಗಳನ್ನು ತೆರೆಯಿತು. ಮಂಗಳೂರು ಹಂಚು ಹಡಗು ಹತ್ತಿ ಬರ್ಮಾ, ಸಿಲೋನ್, ಏಡನ್, ಪೂರ್ವ ಆಫ್ರಿಕಗಳಿಗೆ ಹೋಯಿತು. ಶಾಲೆ, ಕಚೇರಿ, ರೈಲುನಿಲ್ದಾಣ, ಎಲ್ಲಿ ನೋಡಿದರೂ ಕೆಂಪು ಮಾಡು.

ಲಂಡನ್ನಿನ ಆ ಸಾಲುಮನೆಗಳಿಗೆ ನಮ್ಮಲ್ಲಿ ಹೋಲಿಕೆ ಹುಡುಕುವವರು ಬಂಟ್ವಾಳದ ಹಳೆಯ ಪೇಟೆಗೆ ಹೋಗಬೇಕು. ಘಟ್ಟದ ಮೇಲಿನ ಸರಕು ಬಂಡಿಯಲ್ಲಿ ಇಳಿದು ದೋಣಿ ಹತ್ತುತ್ತಿದ್ದ ಊರು ಅದು. ಹೊಳೆಗೂ ಬೀದಿಗೂ ನಡುವೆ ಜಾಗ ಕಡಿಮೆಯಾದುದರಿಂದ ಮನೆಗಳು ಒತ್ತೊತ್ತಾಗಿ ನಿಂತುವು. ಬೀದಿಗೆ ಅಂಗಡಿ, ಅದರ ಹಿಂದೆ ಒಂದರ ಬೆನ್ನಿಗೊಂದು ಕೋಣೆ, ಮೇಲೆ ಅಟ್ಟ. ಪಕ್ಕದಲ್ಲಿ ಕಿಟಕಿಗೆ ಎಡೆಯಿಲ್ಲವಾದುದರಿಂದ ನಡುಮನೆಯಲ್ಲಿ ಹಗಲೂ ಕತ್ತಲೆ. ಲಂಡನ್ನಿನವರಿಗೂ ಇದೇ ತೊಂದರೆ. ಅವರು ಮೆಟ್ಟಿಲಿನ ನೆತ್ತಿಯಲ್ಲಿ ಗಾಜಿನ ಬೆಳಕಿಂಡಿ ಇಟ್ಟರು. ನಮ್ಮವರು ಹಂಚುಗಳ ನಡುವೆ ಅದೇ ಅಚ್ಚಿನ ಗಾಜಿನ ಹಂಚೊಂದನ್ನು ಕೂರಿಸಿದರು. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಅಲ್ಲಿಯ ಮನೆ ತನ್ನ ಮಾಡನ್ನು ಮುಂಗೋಡೆಯ ಹಿಂದೆ ಅಡಗಿಸುತ್ತದೆ. ಗೋಡೆಯೇ ಅದರ ಮುಖ. ವರ್ಷಕ್ಕೆ 150 ಅಂಗುಲಕ್ಕೆ ಮೀರಿ ಮಳೆ ಸುರಿಯುವ ನಮ್ಮಲ್ಲಿ ಮಾಡನ್ನು ಅಡಗಿಸುವಂತಿಲ್ಲ. ಅದು ಇಳಿಜಾರಾಗಿ, ಜಗಲಿಯನ್ನು ದಾಟಿ, ಗೋಡೆಗೆ ಕೊಡೆ ಹಿಡಿಯಬೇಕು. ಮೂಡಬಿದಿರೆಯ ಸಾವಿರ ಕಂಬದ ಬಸದಿಯನ್ನು 1430ರಲ್ಲಿ ಕಟ್ಟಿದ ಶಿಲ್ಪಿಗಳು ಕಲ್ಲಿನ ಚಪ್ಪಡಿಗಳನ್ನೇ ಇಳಿಜಾರಾಗಿ ಜೋಡಿಸಿದುದು ಇದೇ ಕಾರಣದಿಂದ. ದೇವರಿಗೆ ಕಲ್ಲಿನ ಮಾಡು, ಒಡೆಯನಿಗೆ ನಾಡಹಂಚು, ಒಕ್ಕಲಿಗೆ ಹುಲ್ಲು ಎಂಬ ಏರ್ಪಾಡು ನಮ್ಮ ಈ ಸೀಮೆಯಲ್ಲಿ ಬಹುಕಾಲ ನಡೆಯಿತು. ಜೆಪ್ಪುವಿನ ಹಂಚು ಅದನ್ನು ಒಂದೇ ದಿನದಲ್ಲಿ ಮುರಿಯಲಿಲ್ಲ. ಮೊದಲು ಪೇಟೆಯ ವರ್ತಕನ ಮನೆಗೆ ಬಂತು, ಆಮೇಲೆ ಗುತ್ತಿನ ಮನೆಗೆ. ನಮ್ಮಜ್ಜನ ಮನೆಗೆ ಬರಲು ನೂರ ಒಂಬತ್ತು ವರ್ಷ ಹಿಡಿಯಿತು, ಅದೂ ಬೇರೆಯವರ ಮನೆ ಬಿದ್ದ ಮೇಲೆ.

ಪ್ಲೆಬ್ಸ್ಟನನ್ನು ಹೊಗಳುವಾಗ ಇನ್ನೊಂದು ಬದಿಯನ್ನೂ ಹೇಳದಿದ್ದರೆ ನ್ಯಾಯವಾಗದು. ಕಾರ್ಖಾನೆಯ ಹಂಚು ಅಗ್ಗವಾದಂತೆ ನಾಡಹಂಚಿನ ಕುಂಬಾರನ ಚಕ್ರ ನಿಂತಿತು. ಗೂಡುಗಳ ಬೆಂಕಿಗೆ ಸುತ್ತಿನ ಕಾಡುಗಳಿಂದ ಸೌದೆ ಇಳಿದುಹೋಯಿತು. ಜೇಡಿ ತೆಗೆದ ಗದ್ದೆಗಳು ಹೊಂಡಗಳಾದುವು. ಕಾರ್ಖಾನೆಯೊಳಗೂ ಬದುಕು ಸುಖದ್ದಾಗಿರಲಿಲ್ಲ. ಹಸಿ ಮಣ್ಣು ಹೊರುವುದು, ಗೂಡಿನ ಬಿಸಿಗೆ ಮೈಯೊಡ್ಡುವುದು, ಗಂಟೆ ಹೊಡೆದಾಗ ಬಂದು ಗಂಟೆ ಹೊಡೆದಾಗ ಹೋಗುವುದು. ಆದರೂ ಹೆಂಗಸರು ಸ್ವಂತ ಹೆಸರಿನಲ್ಲಿ ಸಂಬಳ ಎಣಿಸಿಕೊಂಡ ಜಾಗಗಳಲ್ಲಿ ಹಂಚಿನ ಕಾರ್ಖಾನೆಯೂ ಒಂದು. ಒಕ್ಕಲುತನಕ್ಕಿಂತ ಅದು ಲೇಸಾಗಿತ್ತೆ ಎಂದು ಒಮ್ಮೆ ಅಜ್ಜಿಯನ್ನು ಕೇಳಿದೆ. ಒಡೆಯನ ಅಂಗಳದಲ್ಲಿ ಗಂಟೆ ಎಂಬುದೇ ಇರಲಿಲ್ಲವಲ್ಲ ಎಂಬ ಅರ್ಥದಲ್ಲಿ ಕೈಯಾಡಿಸಿ ಸುಮ್ಮನಾದರು.

1914ರ ಯುದ್ಧವನ್ನು ನೋಡಲು ಪ್ಲೆಬ್ಸ್ಟನು ಬದುಕಿರಲಿಲ್ಲ. ಅದು ಒಳ್ಳೆಯದೇ ಆಯಿತು. ಆತನ ದೇಶದವರನ್ನು ಸರಕಾರವು ವೈರಿಗಳೆಂದು ಸೆರೆಯಲ್ಲಿಟ್ಟು, ಬಳಿಕ ಹೊರಗೆ ಕಳುಹಿಸಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಹೊಸ ಕಂಪೆನಿಯ ಕೈಸೇರಿದವು. ನಮ್ಮ ಮಾಡಿನ ಹಂಚುಗಳು ಅದಕ್ಕಿಂತಲೂ ಹಿಂದಿನವು. ಎಂದರೆ ನಮ್ಮ ಮನೆಗೆ ಬರುವಾಗಲೇ ಅವಕ್ಕೆ ಐವತ್ತು ವರ್ಷಕ್ಕೆ ಮೇಲಾಗಿತ್ತು. ಎರಡು ನೆರೆ ಕಂಡಿದ್ದವು, 1923ರದು ಮತ್ತು 1974ರದು.

ಕಳೆದ ಬೇಸಗೆಯಲ್ಲಿ ಆ ಮಾಡನ್ನು ಇಳಿಸಿದೆವು. ಪಕ್ಕಾಸಿಗೆ ಗೆದ್ದಲು ಹಿಡಿದಿತ್ತು. ಸರಕಾರದ ಮನೆಯೋಜನೆಯಲ್ಲಿ ತಾರಸಿ ಮಂಜೂರಾಯಿತು. ಹಂಚಿಳಿಸುವ ದಿನ ನಾನು ಪರೀಕ್ಷೆ ಮುಗಿಸಿ ಬಂದಿದ್ದೆ. ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದೆವು. ಅಜ್ಜ ಈಗಿಲ್ಲ; ಅಜ್ಜಿ ಜಗಲಿಯಲ್ಲಿ ಕುಳಿತು ಒಡೆದುವನ್ನು ಒಂದು ಕಡೆ, ಇಡಿಯವನ್ನು ಇನ್ನೊಂದು ಕಡೆ ಇಡಿಸಿದರು. ಒಡೆದುವು ಇಪ್ಪತ್ತಕ್ಕೆ ಮೀರಲಿಲ್ಲ. ಕೊಳ್ಳುವವರು ಬಂದು ಕೇಳಿದರು, ಪೇಟೆಯ ಹೋಟೆಲುಗಳವರಿಗೆ ಈಗ ಹಳೆಯ ಹಂಚಿನ ಮೋಹವಂತೆ. ಅಜ್ಜಿ ಒಪ್ಪಲಿಲ್ಲ. ಇಡಿಯ ಹಂಚುಗಳೆಲ್ಲ ಬಾವಿಯ ಹತ್ತಿರ ಪೇರಿಸಿವೆ. ಮಳೆ ಹಿಡಿಯುವ ಮೊದಲು ದನದ ಕೊಟ್ಟಿಗೆಗೆ ಹೊದೆಸಬೇಕಾಗಿದೆ. ರೀಪು ಬಂದಿದೆ, ಆಳು ಸಿಕ್ಕಿಲ್ಲ. ಬರುವ ಭಾನುವಾರ ತಂದೆಯೂ ನಾನೂ ಮಾಡಿಗೆ ಹತ್ತುತ್ತೇವೆ.